ಪಿಯಾನೊ ಇಲ್ಲದ ಮೂರು ನಿಮಿಷ ಹತ್ತು ಸೆಕೆಂಡು

ಎರಡು ವರ್ಷದ ಹಿಂದಿನ ಮೇ ತಿಂಗಳು. ಆಗ ನಾನು ಟೋಕಿಯೊದ ಒಂದು ಚಿಕ್ಕ ವಿಡಿಯೊ ಸಂಸ್ಥೆಯಲ್ಲಿ ಹಿರಿಯ ಎಡಿಟರ್. ಗಂಡನ ಕೆಲಸದ ಜೊತೆ ಜಪಾನಿಗೆ ಬಂದು, ಗ್ಯೋಟೋಕುವಿನಲ್ಲಿ ಮನೆ ಮಾಡಿ, ಭಾಷೆ ಕಲಿತು ಆ ಕುರ್ಚಿ ಹಿಡಿಯಲು ನನಗೆ ಏಳು ವರ್ಷ ಬೇಕಾಯಿತು. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಜಾಹೀರಾತು ಚಿತ್ರಗಳಿಗೆ ಕತ್ತರಿ ಆಡಿಸುತ್ತಿದ್ದೆ. ಬಾಯಿ ಜೋರು ಎಂಬ ಹೆಸರು ಅಲ್ಲೇ ಬಂದಿತ್ತು. ಜಪಾನಿಗೆ ಬಂದ ಮೇಲೂ ಅದನ್ನು ಕಳೆದುಕೊಂಡಿರಲಿಲ್ಲ.

ಆ ತಿಂಗಳು ನಮ್ಮ ಬಾಸ್ ತನಾಬೆ-ಸಾನ್ ಒಂದು ಟೀವಿ ಚಾನೆಲ್ಲಿನ ಕೆಲಸ ತಂದರು. ರೂತ್ ಎಂಬ ಬ್ರಿಟಿಷ್ ಕ್ಲಬ್ ಡಿಜೆಯ ಬಗ್ಗೆ ಇಪ್ಪತ್ತೆರಡು ನಿಮಿಷದ ಡಾಕ್ಯುಮೆಂಟರಿ. ರೂತ್‌ಗೆ ಅರವತ್ತೊಂದು ವರ್ಷ. ಪ್ರತಿ ಮೇ ತಿಂಗಳು ಜಪಾನಿನ ಆರು ಕ್ಲಬ್‌ಗಳು ಆಕೆಯನ್ನು ಕರೆಸುತ್ತಿದ್ದವು. ಆಕೆಯ ವರ್ಷದ ಬದುಕು ಮುಖ್ಯವಾಗಿ ನಡೆಯುತ್ತಿದ್ದದ್ದು ಅದರಿಂದಲೇ. ಮೂರು ವರ್ಷದಿಂದ ಆಕೆಗೆ ಬಲಗಿವಿ ಒಂದಿಷ್ಟೂ ಕೇಳಿಸುತ್ತಿರಲಿಲ್ಲ.

ಡಿಜೆ ಎಂದರೆ ಹಾಡು ಹಾಕುವವರು ಅಷ್ಟೇ ಎಂದುಕೊಂಡವರಿಗೆ ಒಂದು ಮಾತು. ಒಂದು ರೆಕಾರ್ಡ್ ಮುಗಿಯುವ ಮುಂಚೆಯೇ ಇನ್ನೊಂದರ ತಾಳವನ್ನು ಅದರ ಜೊತೆ ಹೆಜ್ಜೆ ಹಾಕಿಸಬೇಕು, ಕುಣಿಯುವವರ ಕಾಲಿಗೆ ಎರಡು ಹಾಡಿನ ನಡುವಿನ ಹೊಲಿಗೆ ಸಿಗಬಾರದು. ಅದಕ್ಕೆ ಒಂದು ಕಿವಿ ಹೆಡ್‌ಫೋನಿನಲ್ಲಿ, ಇನ್ನೊಂದು ಸ್ಪೀಕರ್ ಕಡೆಗೆ ಇರಬೇಕು. ರೂತ್ ಎಡಗಿವಿಗೆ ಹೆಡ್‌ಫೋನ್ ಕೊಟ್ಟು, ಸ್ಪೀಕರಿನ ತಾಳವನ್ನು ಮೇಜಿನ ಮೇಲೆ ಒತ್ತಿದ ಬಲಗೈ ಅಂಗೈಯಲ್ಲಿ ಹಿಡಿಯುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಕ್ಲಬ್ಬೊಂದರಲ್ಲಿ ನಮ್ಮ ಕ್ಯಾಮೆರಾ ಅದನ್ನು ಒಂದೇ ಶಾಟಿನಲ್ಲಿ ಹಿಡಿದಿತ್ತು, ಮೂರು ನಿಮಿಷ ಹತ್ತು ಸೆಕೆಂಡು. ಎಲ್ಲೂ ತಪ್ಪಿಲ್ಲ. ನಾನು ಆ ಶಾಟಿಗೆ ಕತ್ತರಿ ಮುಟ್ಟಿಸಲಿಲ್ಲ.

ಮೊದಲ ಪ್ರಿವ್ಯೂ ಮೀಟಿಂಗಿಗೆ ಚಾನೆಲ್ಲಿನ ನಿರ್ಮಾಪಕ ಓಗಾವಾ-ಸಾನ್ ಬಂದರು. ಕೆಟ್ಟ ಮನುಷ್ಯರಲ್ಲ, ನೋಡುತ್ತಾ ಕಣ್ಣೊರೆಸಿಕೊಂಡರು ಕೂಡ. ಆಮೇಲೆ ತಮಗೆ ಬೇಕಾದದ್ದನ್ನು ಹೇಳಿದರು. ಆ ಶಾಟಿನ ಮೇಲೆ ಟೆಲೊಪ್ ಬರಬೇಕು. ಟೆಲೊಪ್ ಎಂದರೆ ಜಪಾನಿನ ಟೀವಿ ಪರದೆ ತುಂಬ ಕುಣಿಯುವ ದಪ್ಪ ಅಕ್ಷರಗಳು. ನೋಡುವವರು ಎಲ್ಲಿ ನಗಬೇಕು, ಎಲ್ಲಿ ಅಳಬೇಕು ಎಂದು ಅವೇ ಹೇಳಿಕೊಡುತ್ತವೆ. ಜೊತೆಗೆ ಮೆಲ್ಲನೆ ಪಿಯಾನೊ. ಕೊನೆಗೆ ವಿಮಾನ ನಿಲ್ದಾಣದಲ್ಲಿ ರೂತ್‌ಳ ಬೆನ್ನು, ಅದರ ಮೇಲೆ ‘ಕೊನೆಯ ಜಪಾನ್’ ಎಂಬ ಅಕ್ಷರ.

ನನ್ನ ಪಿತ್ತ ನೆತ್ತಿಗೇರಿತು. ರೂತ್ ಇದು ಕೊನೆ ಎಂದು ಎಲ್ಲೂ ಹೇಳಿರಲಿಲ್ಲ. ಇದು ಹೀಗೇ ಪ್ರಸಾರವಾದರೆ ಆ ಆರು ಕ್ಲಬ್‌ಗಳೂ ತುಂಬ ಮರ್ಯಾದೆಯಿಂದ, ಆಕೆಗೆ ತೊಂದರೆ ಕೊಡಬಾರದೆಂದು, ಮುಂದಿನ ವರ್ಷ ಕರೆಯುವುದನ್ನೇ ಬಿಡುತ್ತವೆ. ಇದು ಸುಳ್ಳು, ನಾವು ಒಬ್ಬಳ ಅನ್ನ ಕಿತ್ತುಕೊಳ್ಳುತ್ತಿದ್ದೇವೆ ಎಂದು ಒಂಬತ್ತು ಜನರ ಎದುರಿಗೆ ಹೇಳಿಯೇಬಿಟ್ಟೆ. ಎಲ್ಲರೂ ಮೇಜು ನೋಡಿದರು. ತನಾಬೆ-ಸಾನ್ ಇಕ್ಕಟ್ಟಿಗೆ ಸಿಕ್ಕವರಂತೆ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು. ಮರುದಿನ ಬಂದ ಮೀಟಿಂಗ್ ಟಿಪ್ಪಣಿಯಲ್ಲಿ ಪಿಯಾನೊ ಇತ್ತು, ಟೆಲೊಪ್ ಇತ್ತು, ನನ್ನ ಮಾತು ಮಾತ್ರ ಇರಲಿಲ್ಲ. ಪಿಯಾನೊದ ಫೈಲೂ ಬಂದಿತ್ತು.

ತನಾಬೆ-ಸಾನ್ ಪಕ್ಕಕ್ಕೆ ಕರೆದು, ಚಾನೆಲ್ ಮುನಿಸಿಕೊಂಡರೆ ಮುಂದಿನ ಕೆಲಸ ಬರುವುದಿಲ್ಲ ಎಂದು ಮೆತ್ತಗೆ ತಿಳಿಸಿದರು. ನಾನೂ ಮೆತ್ತಗೇ ಉತ್ತರ ಕೊಟ್ಟೆ. “ನನ್ನ ಹೆಸರು ತೆಗೆದುಬಿಡಿ. ಆದರೆ ಆ ಶಾಟಿಗೆ ನನ್ನ ಕೈಯಾರೆ ಪಿಯಾನೊ ಸೇರಿಸುವುದಿಲ್ಲ.”

ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದೆ. ಇಲ್ಲೇ ಶಾಲೆ ಕಲಿತು ಬೆಳೆದ ಮಗಳು ಅನು, ಹದಿನಾಲ್ಕು ವರ್ಷದವಳು, ಪೂರ್ತಿ ಕಥೆ ಕೇಳಿ ನನ್ನನ್ನೇ ವಿಚಿತ್ರವಾಗಿ ನೋಡಿದಳು.

“ಅಮ್ಮ, ಮೀಟಿಂಗಲ್ಲಿ ಯಾಕೆ ಹೇಳ್ದೆ? ಮೀಟಿಂಗ್ ಈಸ್ ದಿ ಎಂಡ್. ನಮ್ ಕ್ಲಾಸಲ್ಲೂ ಫಸ್ಟ್ ಎಲ್ರನ್ನೂ ಒಬ್ಬೊಬ್ರಾಗಿ ಕೇಳ್ತೀವಿ.”

ಇದಕ್ಕೆ ನೆಮವಾಶಿ ಎನ್ನುತ್ತಾರೆ, ಸಭೆಗೆ ಮುಂಚೆಯೇ ಪ್ರತಿಯೊಬ್ಬರ ಹತ್ತಿರ ಹೋಗಿ ಒಪ್ಪಿಸಿಬರುವ ಪದ್ಧತಿ. ನನಗೂ ಗೊತ್ತಿತ್ತು. ಬೆನ್ನ ಹಿಂದಿನ ಗುಸುಗುಸು ಎಂದುಕೊಂಡು ಮೂಗು ಮುರಿದಿದ್ದೆ. ಬೆಂಗಳೂರಿನಲ್ಲಿ ಮೀಟಿಂಗ್ ಇರುವುದೇ ಜಗಳಕ್ಕೆ. ಕೂಗಾಡಿ, ಕಾಫಿ ಕುಡಿದು, ಒಂದು ತೀರ್ಮಾನಕ್ಕೆ ಬರುತ್ತೇವೆ. ಎಲ್ಲರ ಮುಂದೆ ನಾನು ಬೇಡ ಎಂದದ್ದರಿಂದ ಓಗಾವಾ-ಸಾನ್‌ಗೆ ಹಿಂದೆ ಸರಿಯಲು ದಾರಿಯೇ ಉಳಿಯಲಿಲ್ಲ. ತಪ್ಪು ನನ್ನದು ಎಂದು ಒಪ್ಪಿಕೊಳ್ಳಲು ನನಗೆ ಎರಡು ದಿನ ಹಿಡಿಯಿತು. ಸರಿ, ಇವರ ದಾರಿಯಲ್ಲೇ ಹೋಗಿ ಗೆಲ್ಲುತ್ತೇನೆ ಎಂದುಕೊಂಡೆ.

ಮೊದಲು ಟೆಲೊಪ್ ಬರೆಯುವಾಕೆಯ ಬಳಿ ಹೋದೆ. ಬಲಗಿವಿ ಮುಚ್ಚಿಕೊಂಡು, ಸ್ಪೀಕರ್ ಇದ್ದ ಮೇಜಿನ ಮೇಲೆ ಅಂಗೈಯಿಟ್ಟು ಆ ಶಾಟ್ ನೋಡಿ ಎಂದೆ. ಆಕೆ ಎರಡು ಸಲ ನೋಡಿದಳು. ಧ್ವನಿ ಜೋಡಿಸುವವರನ್ನೂ ಹಾಗೇ ಕೂರಿಸಿದೆ. ತನಾಬೆ-ಸಾನ್ ಅಂಗೈ ಇಡಲು ನಾಚಿಕೊಂಡರು, ಆಮೇಲೆ ತೆಗೆಯಲೇ ಇಲ್ಲ.

ಕೊನೆಗೆ, ಮನೆಯಲ್ಲಿ ಕರಿದ ಚಕ್ಕುಲಿಯ ಡಬ್ಬಿ ಹಿಡಿದು ಓಗಾವಾ-ಸಾನ್ ಆಫೀಸಿಗೆ ಹೋದೆ. ಅಂದಿನ ಮಾತಿನ ಧಾಟಿಗೆ ಸುಮಿಮಾಸೆನ್ ಎಂದು ಕ್ಷಮೆ ಕೇಳಿದೆ. ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ಅವರೂ ಅಂಗೈ ಇಟ್ಟು ನೋಡಿದರು. ಅಕ್ಷರವಿಲ್ಲದೆ ಮೂರು ನಿಮಿಷ ಬಿಟ್ಟರೆ ನೋಡುವವರಿಗೆ ಕೈಬಿಟ್ಟ ಹಾಗಾಗುತ್ತದೆ ಎಂದರು. ನಾನು ಒಂದೇ ಪ್ರಶ್ನೆ ಕೇಳಿದೆ.

“ಟೀವಿಯಲ್ಲಿ ಇಡೀ ದೇಶ ಕಣ್ಣೀರಿಟ್ಟು ಬೀಳ್ಕೊಟ್ಟ ಡಿಜೆಯನ್ನು ಮುಂದಿನ ಮೇ ತಿಂಗಳು ಯಾರು ಕರೆಯುತ್ತಾರೆ, ಓಗಾವಾ-ಸಾನ್?”

 ಅವರು ಡಬ್ಬಿ ತೆರೆದು ಒಂದು ಚಕ್ಕುಲಿ ತೆಗೆದುಕೊಂಡರು.

ಎರಡನೇ ಪ್ರಿವ್ಯೂಗೆ ಅದೇ ಒಂಬತ್ತು ಜನ ಸೇರಿದರು. ಪರದೆಯ ಮೇಲೆ ಪಿಯಾನೊ ಇಲ್ಲ, ಅಕ್ಷರ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಯಾರಿಗಾದರೂ ಅಭಿಪ್ರಾಯ ಇದೆಯೇ ಎಂದು ಓಗಾವಾ-ಸಾನ್ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಅವತ್ತು ನಾನೂ ಬಿಡಲಿಲ್ಲ. ಆಫೀಸಿನಲ್ಲಿ ಅದನ್ನೇ ದೊಡ್ಡ ಸುದ್ದಿ ಮಾಡಿ ನಕ್ಕರು.

ಪ್ರಸಾರವಾದ ದಿನ, ಪರದೆಯ ಮೇಲೆ ಅಕ್ಷರ ಬರುತ್ತಿಲ್ಲ, ಏನಾದರೂ ಕೆಟ್ಟಿದೆಯೇ ಎಂದು ಕೆಲವರು ಚಾನೆಲ್ಲಿಗೆ ಫೋನ್ ಮಾಡಿದರಂತೆ. ಮುಂದಿನ ಮೇ ತಿಂಗಳು ರೂತ್ ಬಂದಳು. ಕರೆದದ್ದು ಆರಲ್ಲ, ಏಳು ಕ್ಲಬ್. ಒಂದು ಕ್ಲಬ್ಬಿನಲ್ಲಿ ಆಕೆಯ ಮೇಜಿನ ಪಕ್ಕ ನಿಂತು ಪಿಯಾನೊ ಕಥೆ ಹೇಳಿದಾಗ ಆಕೆ ನಗಲಿಲ್ಲ. ನನ್ನ ಕೈ ಹಿಡಿದು ಮೇಜಿನ ಮೇಲೆ ಒತ್ತಿ, ಮುಂದಿನ ರೆಕಾರ್ಡ್ ಹಾಕಿದಳು.

ಜಗಳ ಬಿಡಬೇಕಿಲ್ಲ, ಅದನ್ನು ಯಾವ ಬಾಗಿಲಿಗೆ ಒಯ್ಯಬೇಕೆಂದು ತಿಳಿದಿರಬೇಕು. ಈ ಕೆಲಸ ನನಗೆ ಕಲಿಸಿದ್ದು ಅದನ್ನು. ಆ ಪಿಯಾನೊ ಫೈಲನ್ನು ನಾನು ಇನ್ನೂ ಅಳಿಸಿಲ್ಲ. ಹೊಸದಾಗಿ ಸೇರಿದ ಎಡಿಟರ್‌ಗಳು ಇಲ್ಲೊಂಚೂರು ಪಿಯಾನೊ ಹಾಕೋಣವೇ ಎಂದಾಗ ಅದನ್ನು ಆ ಶಾಟಿನ ಜೊತೆ ಒಮ್ಮೆ ಹಾಕಿ ಕೇಳಿಸುತ್ತೇನೆ, ಆಮೇಲೆ ತೆಗೆದು ಕೇಳಿಸುತ್ತೇನೆ. ಇಲ್ಲಿಯವರೆಗೆ ಒಬ್ಬರೂ ಎರಡನೇ ಸಲ ಪಿಯಾನೊ ಬೇಕೆಂದು ಕೇಳಿಲ್ಲ.