ತಂಗಿಗೆ ಇಷ್ಟವಿಲ್ಲವಂತೆ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದರು. ನೆಲಮಾಳಿಗೆಯ ಒಗೆತದ ಕೋಣೆಗೆ ಸೇರಿದಾಗ ಅವಳಿನ್ನೂ ಎರಡು ಜಡೆಯ ಹುಡುಗಿ; ನಿವೃತ್ತಿಯಾಗಿ ಮೆಟ್ಟಿಲು ಹತ್ತಿ ಹೊರಬಂದಾಗ ಕೂದಲು ಪೂರ್ತಿ ಬೆಳ್ಳಗಾಗಿತ್ತು. ವಾರ್ಡುಗಳಿಂದ ಬಂದ ರಕ್ತ ಮೆತ್ತಿದ ಹಾಸುಗಳನ್ನು ತಣ್ಣೀರಿನಲ್ಲಿ ನೆನೆಸಿ, ಉಜ್ಜಿ, ಕುದಿಸಿ, ಒಣಗಿಸುವುದು ಬೆಳಗಿನ ಕೆಲಸ. ಮಧ್ಯಾಹ್ನದ ಮೇಲೆ ನರ್ಸುಗಳ ಬಿಳಿ ಉಡುಪಿಗೆ ಇಸ್ತ್ರಿ. ಕಾಲರಿಗೆ ಎಷ್ಟು ಗಂಜಿ ಹಾಕುತ್ತಿದ್ದಳೆಂದರೆ ಅದು ಹಲಗೆಯ ಹಾಗೆ ನಿಲ್ಲುತ್ತಿತ್ತು.

"ಕತ್ತು ತಿರುಗಿಸೋಕೇ ಆಗಲ್ಲ ಇಸ್ತ್ರಿಯಮ್ಮ, ಪಕ್ಕದ ಮಂಚದ ರೋಗೀನ ಹೇಗೆ ನೋಡ್ಲಿ?" ಎಂದು ಹುಡುಗಿಯರು ದೂರಿದರೆ, "ಎದುರಿಗಿರೋನನ್ನ ಮೊದ್ಲು ಸರಿಯಾಗಿ ನೋಡು, ಆಮೇಲೆ ಪಕ್ಕದೋನು" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆ ಉಡುಪನ್ನು ತಾನೂ ತೊಡಬೇಕೆಂದು ಒಂದು ಕಾಲದಲ್ಲಿ ಜೀವ ಬಿಡುತ್ತಿದ್ದ ಸಂಗತಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಶಾಲೆಯ ಕೊನೆಯ ವರ್ಷ ಅದು. ನರ್ಸಿಂಗ್ ಶಾಲೆಯವರು ತಾವೇ ಬಂದು ಹುಡುಗಿಯರನ್ನು ಮಾತಾಡಿಸಿದ್ದರು. ನಮ್ಮ ಶಾಲೆಯಿಂದ ಒಬ್ಬಳನ್ನು ಕಳಿಸಬಹುದು, ಊಟ ವಸತಿ ಎಲ್ಲ ಅವರದೇ, ಎಂದು ವಿಜ್ಞಾನದ ಟೀಚರು ಹೇಳಿದ್ದರು. ಆ ಟೀಚರಿಗೆ ಇವಳೆಂದರೆ ಪಂಚಪ್ರಾಣ. ಆಟದ ಬಯಲಿನಲ್ಲಿ ಯಾರ ಮಂಡಿ ಒಡೆದರೂ "ಎಲ್ಲಿ ನಮ್ಮ ಡಾಕ್ಟರಮ್ಮ?" ಎಂದು ಇವಳನ್ನೇ ಕೂಗುತ್ತಿದ್ದರು. ಸಂದರ್ಶನ ಮುಗಿದ ದಿನ ಅವಳ ಕೈ ಹಿಡಿದು, "ನೀನೇ ಹೋಗೋದು, ನೋಡ್ತಿರು" ಎಂದಿದ್ದರು.

ಮುಂದಿನ ವಾರ ಪ್ರಾರ್ಥನೆಯ ಹೊತ್ತಿನಲ್ಲಿ ಹೆಸರು ಓದಿದರು. ಹಿಂದಿನ ಬೆಂಚಿನ, ಸದಾ ಮೂಗು ಸೊರಸೊರ ಎಳೆಯುವ ಹುಡುಗಿಯ ಹೆಸರು ಬಂತು. ಇವಳು ಟೀಚರತ್ತ ನೋಡಿದಳು. ಟೀಚರು ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ಅವತ್ತಿನಿಂದ ಶಾಲೆ ಮುಗಿಯುವವರೆಗೆ ಇವಳ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಡಾಕ್ಟರಮ್ಮ ಎಂದು ಮತ್ತೆ ಕರೆಯಲಿಲ್ಲ.

ತಾನು ಏನು ತಪ್ಪು ಮಾಡಿದೆ ಎಂದು ತಿಳಿಯದೆ ಅವಳು ಮನೆಗೆ ಬಂದು ಅಕ್ಕನ ಮಡಿಲಲ್ಲಿ ಬಿದ್ದು ಅತ್ತಳು. ತಾಯಿ ತೀರಿಹೋದ ಮೇಲೆ ಅಕ್ಕನೇ ಮನೆಯ ಯಜಮಾನಿ. ಅಪ್ಪ ಗೋದಾಮಿನ ಕಾವಲುಗಾರ, ಹಗಲೆಲ್ಲ ನಿದ್ದೆ. ತಮ್ಮ ಇನ್ನೂ ಅಂಬೆಗಾಲಿಡುವ ಕೂಸು. ಅಕ್ಕ ಅವಳ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ನಿಧಾನವಾಗಿ ಬಾಚುತ್ತ, "ಅಳಬೇಡ ಪುಟ್ಟಿ. ನಿನ್ನ ಬೆಲೆ ಅವರಿಗೇನು ಗೊತ್ತು? ದೊಡ್ಡವರ ಮಕ್ಕಳಿಗೆ ಕೊಟ್ಟಿರ್ತಾರೆ. ಹಾಳಾಗಿ ಹೋಗ್ಲಿ ಬಿಡು" ಎಂದಳು. ತನ್ನ ಕಣ್ಣನ್ನೂ ಸೆರಗಿನಿಂದ ಒರೆಸಿಕೊಂಡಳು.

ಮೂರು ತಿಂಗಳಿಗೆ ಅಕ್ಕನ ಮದುವೆಯಾಯಿತು. ಮನೆ, ಅಪ್ಪ, ಕೂಸು ಮೂರೂ ಇವಳ ಕೊರಳಿಗೆ ಬಿದ್ದವು. ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡೇ ಒಗೆತದ ಕೋಣೆಗೆ ಸೇರಿದಳು. ನಡುವೆ ಬಂದ ಒಂದೆರಡು ಸಂಬಂಧಗಳು ತಮ್ಮನ ಮುಖ ನೋಡಿ ಹಿಂದೆ ಸರಿದವು. ತಮ್ಮ ಬೆಳೆದ, ದೂರದ ಕಾರ್ಖಾನೆಯಲ್ಲಿ ಕೆಲಸ ಹಿಡಿದ, ಅಲ್ಲೇ ಸಂಸಾರ ಹೂಡಿದ. ಅಪ್ಪ ಹೋದರು. ಗಂಡ ತೀರಿಕೊಂಡ ಮೇಲೆ ಅಕ್ಕ ಮಗಳೊಂದಿಗೆ ಪಕ್ಕದ ಮನೆಗೇ ಬಂದಳು. ಒಂದೇ ಗೋಡೆ, ನಡುವೆ ಒಂದು ಬಾಗಿಲು. ಅದಕ್ಕೆ ಚಿಲಕ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಇವಳ ಸಾರಿಗೆ ಉಪ್ಪು ಕಡಿಮೆಯಾದರೆ ಅಕ್ಕನಿಗೆ ಗೊತ್ತಾಗುತ್ತಿತ್ತು, ಅಕ್ಕನಿಗೆ ಕೆಮ್ಮು ಬಂದರೆ ಇವಳಿಗೆ ನಿದ್ದೆ ಇಲ್ಲ. ಸುಖದುಃಖ ಹೇಳಿಕೊಳ್ಳಲು ಅವಳಿಗೆ ಲೋಕದಲ್ಲಿದ್ದದ್ದು ಅಕ್ಕ ಒಬ್ಬಳೇ.

ಶಾಲೆಯ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರೆಂದೂ, ಅದಕ್ಕೆ ಮೊದಲು ಹಳೆಯ ವಿದ್ಯಾರ್ಥಿಗಳೆಲ್ಲ ಒಮ್ಮೆ ಸೇರಬೇಕೆಂದೂ ಸುದ್ದಿ ಬಂದಾಗ ಅವಳಿಗೆ ಹೋಗುವ ಆಸೆಯಾಯಿತು.

"ಅಲ್ಲೇನಿದೆ ಅಂತ ಹೋಗ್ತೀಯ?" ಎಂದಳು ಅಕ್ಕ. "ಕಾರಲ್ಲಿ ಬರೋರ ಮಧ್ಯೆ ನೀನು ನಿಂತ್ಕೊಂಡು ಹಲ್ಲು ಕಿರೀಬೇಕಾ?"

"ಟೀಚರು ಬರ್ತಾರಂತೆ ಅಕ್ಕ. ಇನ್ನೂ ಗಟ್ಟಿಯಾಗಿದಾರಂತೆ."

"ಅವರು ಅವತ್ತೇ ನಿನ್ನ ಮುಖ ನೋಡ್ಲಿಲ್ಲ, ಇವತ್ತು ನೋಡ್ತಾರಾ?"

ಆ ಮಾತು ಚುಚ್ಚಿದರೂ ಅವಳು ಹೋದಳು.

ಟೀಚರು ಹಳೆಯ ಪ್ರಯೋಗಶಾಲೆಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತಿದ್ದರು. ಕಣ್ಣು ಮಂಜಾಗಿತ್ತು, ದನಿ ಮಾತ್ರ ಹಾಗೇ ಇತ್ತು. ಇವಳು ಬಗ್ಗಿ ತನ್ನ ಗುರುತು ಹೇಳಿದಳು. ಟೀಚರು ಕಣ್ಣು ಕಿರಿದು ಮಾಡಿ ನೋಡಿ, "ಓ, ನೀನಾ," ಎಂದರು. "ಯಾವ ಕೆಲಸ ಮಾಡ್ಕೊಂಡಿದ್ದೆ?"

"ಆಸ್ಪತ್ರೇಲಿ, ಟೀಚರ್. ಬಟ್ಟೆ ಒಗೆಯೋ ವಿಭಾಗದಲ್ಲಿ."

"ಆಸ್ಪತ್ರೇಲಾ? ರಕ್ತ ಕಂಡ್ರೆ ತಲೆ ಸುತ್ತಿ ಬೀಳೋಳಿಗೆ ಆಸ್ಪತ್ರೇಲಿ ಕೆಲಸ ಹೇಗೆ ಮಾಡೋಕಾಯ್ತು?"

ಅವಳಿಗೆ ಅರ್ಥವಾಗಲಿಲ್ಲ. ಟೀಚರಿಗೆ ವಯಸ್ಸಾಗಿದೆ, ಯಾರೋ ಎಂದುಕೊಂಡಿದ್ದಾರೆ ಎನಿಸಿತು. "ನನಗ್ಯಾವತ್ತೂ ತಲೆ ಸುತ್ತಿಲ್ಲ ಟೀಚರ್. ನೀವೇ ಡಾಕ್ಟರಮ್ಮ ಅಂತಿದ್ರಿ."

"ಅಂತಿದ್ದೆ. ಅದಕ್ಕೇ ನನಗಷ್ಟು ಬೇಜಾರಾಗಿದ್ದು. ನರ್ಸಿಂಗ್ ಶಾಲೆಯೋರು ಆರಿಸಿದ್ದು ನಿನ್ನನ್ನೇ ಕಣೇ. ನಿಮ್ಮಕ್ಕ ಬಂದಳು. 'ನನ್ನ ತಂಗಿಗೆ ಇಷ್ಟವಿಲ್ಲ ಟೀಚರ್, ರಕ್ತ ನೋಡಿದ್ರೆ ತಲೆ ಸುತ್ತುತ್ತೆ, ನಿಮ್ಮ ಮುಂದೆ ಹೇಳೋಕೆ ನಾಚಿಕೆ. ಕೇಳಬೇಡಿ, ಅತ್ತುಬಿಡ್ತಾಳೆ' ಅಂದ್ಲು. ನಾನು ನಿನಗೋಸ್ಕರ ಅವರ ಹತ್ರ ಅಷ್ಟು ಮಾತಾಡಿದ್ದೆ, ನೀನು ನನ್ನ ಹತ್ರ ಒಂದು ಮಾತು ಹೇಳ್ಲಿಲ್ಲವಲ್ಲ ಅಂತ ಸಿಟ್ಟು ಬಂತು."

ಹೊರಗೆ ಯಾರೋ ಫೋಟೋ ತೆಗೆಯಲು ಎಲ್ಲರನ್ನೂ ಕರೆಯುತ್ತಿದ್ದರು. "ಅಕ್ಕ ಬಂದಿದ್ದೇ ನನಗೆ ಗೊತ್ತಿಲ್ಲ ಟೀಚರ್," ಎಂದಳು ಇವಳು. ಟೀಚರಿಗೆ ಈಗ ಎಲ್ಲವೂ ತಿಳಿದಂತಿತ್ತು. "ನಾನೇ ನಿನ್ನ ಕರೆದು ಕೇಳಬೇಕಿತ್ತು," ಎಂದರು.

"ಹೌದು ಟೀಚರ್, ಕೇಳಬೇಕಿತ್ತು," ಎಂದಳು ಅವಳು. ಟೀಚರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಮನೆಗೆ ಬಂದಾಗ ಅಕ್ಕ ಬಾಗಿಲ ಬಳಿ ಕುಳಿತು ಬಟಾಣಿ ಸುಲಿಯುತ್ತಿದ್ದಳು. ಇವಳು ಚಪ್ಪಲಿ ಕೂಡ ಬಿಡದೆ ಕೇಳಿದಳು. "ಅಕ್ಕ, ರಕ್ತ ಕಂಡ್ರೆ ನಂಗೆ ತಲೆ ಸುತ್ತುತ್ತಾ?"

ಅಕ್ಕನ ಕೈ ನಿಂತಿತು. ತಲೆ ಎತ್ತಲಿಲ್ಲ. "ಹೇಳಿಬಿಟ್ರಾ," ಎಂದಳು.

"ಯಾಕೆ ಅಕ್ಕ?"

"ಯಾಕೆ ಅಂದ್ರೆ? ನನಗೆ ಆಗ್ಲೇ ವಯಸ್ಸು ಮೀರ್ತಿತ್ತು. ಬಂದಿದ್ದು ಅದೊಂದು ಸಂಬಂಧ. ನೀನು ಹಾಸ್ಟೆಲಿಗೆ ಹೋದ್ರೆ ಕೂಸನ್ನ ಯಾರು ನೋಡ್ಕೋತಿದ್ರು? ಅಪ್ಪನಾ? ನಾನು ಆ ಒಲೆ ಮುಂದೇನೇ ಮುದುಕಿ ಆಗ್ತಿದ್ದೆ."

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ. ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆನೇನೋ."

"ಬಿಡ್ತಿರಲಿಲ್ಲ," ಎಂದಳು ಅಕ್ಕ, ಈಗ ನೇರವಾಗಿ ನೋಡುತ್ತ. "ನಾನು ನಿನ್ನ ಎತ್ತಿ ಆಡಿಸಿದೋಳು ಪುಟ್ಟಿ. ನೀನು ಬಿಡ್ತಿರಲಿಲ್ಲ."

ಅದು ನಿಜವಿರಬಹುದು. ಅಕ್ಕ ಒಲೆಯ ಮುಂದೆ ಮುದುಕಿಯಾಗಲಿಲ್ಲ. ಅವಳ ಬದಲಿಗೆ ತಾನಾದೆ, ಅಷ್ಟೇ. ಇಬ್ಬರಲ್ಲಿ ಒಬ್ಬಳು ಮುಳುಗಲೇಬೇಕಿತ್ತು ಎಂದಾದರೆ ಅದನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತೇನೋ. ನುಂಗಲಾಗದ್ದು ಬೇರೆ. ತಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ಎಣ್ಣೆ ಹಚ್ಚಿ ಬಾಚಿದ ಆ ಕೈ, ಹಾಳಾಗಿ ಹೋಗಲಿ ಎಂದು ಶಾಲೆಯವರಿಗೆ ಶಾಪ ಹಾಕಿದ ಆ ಬಾಯಿ. ಆಮೇಲೆ ಇಷ್ಟೆಲ್ಲ ವರ್ಷ, ಬೇಸರವಾದಾಗಲೆಲ್ಲ ತಾನು ಅದೇ ದಿನವನ್ನು ನೆನೆದು, ಅಮ್ಮ ಹೋದರೂ ನನಗೆ ಅಕ್ಕ ಇದ್ದಾಳೆ ಎಂದು ಸಮಾಧಾನ ಪಟ್ಟುಕೊಂಡಿದ್ದಳು. ಕೊರಳು ಕೊಯ್ದವಳೇ ಗಾಯಕ್ಕೆ ಊದಿದ್ದಳು.

"ಅಷ್ಟು ವರ್ಷದಲ್ಲಿ ಒಂದು ದಿನ ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ನೀನು ನನ್ನ ಬಿಟ್ಟು ಹೋಗಿಬಿಡ್ತಿದ್ದೆ," ಎಂದಳು ಅಕ್ಕ. ಬಟಾಣಿಯ ತಟ್ಟೆ ಮಡಿಲಿಂದ ಜಾರಿ ಕಾಳುಗಳು ಚೆಲ್ಲಿದವು. ಇಬ್ಬರೂ ಹೆಕ್ಕಲಿಲ್ಲ.

ಅವಳು ತನ್ನ ಮನೆಗೆ ಹೋಗಿ ನಡುವಿನ ಬಾಗಿಲಿನ ಚಿಲಕ ಹಾಕಿದಳು. ತುಕ್ಕು ಹಿಡಿದ ಚಿಲಕ, ಎರಡೂ ಕೈ ಹಾಕಿ ಎಳೆಯಬೇಕಾಯಿತು.

ಅಕ್ಕನ ಮಗಳು ಬಂದು ಅತ್ತಳು. "ಚಿಕ್ಕಮ್ಮ, ಸಾಯೋ ವಯಸ್ಸಲ್ಲಿ ಇಬ್ಬರಿಗೂ ಇದೆಲ್ಲ ಬೇಕಾ? ಅಮ್ಮನ್ನ ಕ್ಷಮಿಸಿಬಿಡಿ." ಅದಕ್ಕೆ ಅವಳು, "ನಿಮ್ಮಮ್ಮ ಕ್ಷಮಿಸು ಅಂತ ಕೇಳಿಲ್ಲ ಮಗಳೇ. ಕೇಳ್ಲಿ, ಆಮೇಲೆ ನೋಡೋಣ" ಎಂದಳು. ಅಕ್ಕ ಕೇಳಲಿಲ್ಲ.

ಚಳಿಗಾಲದಲ್ಲಿ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಮಗಳಿಗೆ ಹಗಲೆಲ್ಲ ಅಂಗಡಿಯ ಕೆಲಸ. ಬೇರೆ ಯಾರಿದ್ದಾರೆ? ಇವಳೇ ಬೀದಿ ಬಳಸಿ ಆ ಮನೆಗೆ ಹೋಗುತ್ತಾಳೆ. ಮೈ ಒರೆಸುತ್ತಾಳೆ, ಹಾಸಿಗೆ ಬದಲಿಸುತ್ತಾಳೆ, ಮಗ್ಗುಲು ತಿರುಗಿಸಿ ಬೆನ್ನಿಗೆ ಪೌಡರು ಹಾಕುತ್ತಾಳೆ. ಎದುರು ಮನೆಯಾಕೆ ತನ್ನ ಸೊಸೆಯರಿಗೆ, "ನೋಡ್ರೇ, ಒಡಹುಟ್ಟಿದವರು ಅಂದ್ರೆ ಹೀಗಿರಬೇಕು" ಎಂದು ಬೆರಳು ಮಾಡಿ ತೋರಿಸುತ್ತಾಳೆ.

ಒಂದು ಮಧ್ಯಾಹ್ನ ಅಕ್ಕ ಅನ್ನದ ಚಮಚ ತಡೆದು, "ಮಾಡೋದೆಲ್ಲ ಮಾಡ್ತೀಯ. ಒಂದು ಮಾತಾಡು ಪುಟ್ಟಿ" ಎಂದಳು.

"ಬಾಯಿ ಬಿಟ್ರೆ ಏನಾದ್ರೂ ಅಂದುಬಿಡ್ತೀನಿ ಅಕ್ಕ. ತಿನ್ನು."

ಅಕ್ಕ ಬಾಯಿ ತೆರೆದಳು. ತಿನ್ನಿಸಿ, ತಟ್ಟೆ ತೊಳೆದಿಟ್ಟು, ಅವಳು ಬೀದಿ ಬಾಗಿಲಿನಿಂದಲೇ ಮನೆಗೆ ಹೊರಟಳು.