ಗೆರ್ಲಿಂಡೆಯ ಗೇರ್ ಲಿವರ್

ಕಾರು ರಿಪೇರಿ ಹೇಗೆಂದು ಯಾರಾದರೂ ಹೇಳಿಕೊಡಲು ಬಂದರೆ ಗೆರ್ಲಿಂಡೆ ರಾಪ್ ತಡೆಯುವುದಿಲ್ಲ. ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಅವರದೇ ಕಾರಿನ ಬಾನೆಟ್ ತೆಗೆಸಿ, ಇಷ್ಟು ವರ್ಷ ಅವರು ಏನೇನು ಎಡವಟ್ಟು ಮಾಡಿಕೊಂಡಿದ್ದಾರೆಂದು ತೋರಿಸಿಕೊಡುತ್ತಾಳೆ. ಜರ್ಮನಿಯ ನಮ್ಮ ಊರು ನ್ಯುರ್ಟಿಂಗನ್‌ನಲ್ಲಿ ಹಳೆ ಕಾರಿನ ಹುಚ್ಚಿರುವ ಗಂಡಸರು ಭಾನುವಾರ ಬೆಳಿಗ್ಗೆ ಹೊಳೆ ಪಕ್ಕದ ಹೋಟೆಲಿನಲ್ಲಿ ಸೇರುತ್ತಾರೆ. ಆ ಮೇಜಿನಲ್ಲಿ ಅವಳಿಗೊಂದು ಕುರ್ಚಿ ಸಿಕ್ಕಿದ್ದು ಹೀಗೆ. ಯಾರೂ ಕರೆದು ಕೂರಿಸಿದ್ದಲ್ಲ.

ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ದುಡಿದು ದುಡಿದು ಅವಳಿಗೆ ಐವತ್ತೊಂಬತ್ತಾಗಿತ್ತು. ಕಬ್ಬಿಣ ಅವಳ ಮಾತು ಕೇಳುತ್ತಿತ್ತು, ಮನುಷ್ಯರು ಅಷ್ಟಾಗಿ ಕೇಳುತ್ತಿರಲಿಲ್ಲ. ಅವಳ ಕಾರು ಎಂಬತ್ತೈದರ ಮಾಡೆಲ್, ಎರಡು ಬಾಗಿಲು, ಆರು ಸಿಲಿಂಡರು, ಕಂಚಿನ ಬಣ್ಣ. ಹಿಂದಿನ ಮಾಲೀಕ ಯಾವನೋ ಡಿಕ್ಕಿಯ ಮೇಲೆ ಇಸ್ತ್ರಿ ಮೇಜಿನಷ್ಟು ದೊಡ್ಡ ರೆಕ್ಕೆ ಕೂರಿಸಿ, ಸುತ್ತ ಪ್ಲಾಸ್ಟಿಕ್ ಅಂಟಿಸಿದ್ದ. ಅದನ್ನೆಲ್ಲ ಕಿತ್ತೆಸೆಯಲು ಅವಳಿಗೆ ಒಂದು ವಾರ ಸಾಕಾಯಿತು. ಅದರಡಿ ಬಚ್ಚಿಟ್ಟುಕೊಂಡಿದ್ದ ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಯಲು ಎರಡು ಚಳಿಗಾಲ ಹಿಡಿಯಿತು.

ಆಮೇಲೆ ಶುರುವಾಯಿತು ಅವಳ ನಿಜವಾದ ಕೆಲಸ. ಸೀಟಿಗೆ ಆ ಕಾಲದ ಚೌಕಳಿ ಬಟ್ಟೆಯನ್ನೇ ಹುಡುಕಿಸಿ ಹೊಲಿಸಿದಳು. ಚಕ್ರ ಒಂದಳತೆ ದೊಡ್ಡದು, ಎಂಬತ್ತೇಳರಲ್ಲಿ ಅದೇ ಕಾರಿಗೆ ಮಾರುತ್ತಿದ್ದದ್ದು. ಸ್ಪ್ರಿಂಗು ಮೂರು ಸೆಂಟಿಮೀಟರ್ ತಗ್ಗು, ಅದೂ ಆ ಕಾಲದ್ದೇ. ನೋಡಿದವನಿಗೆ ಏನು ಬದಲಾಗಿದೆಯೆಂದು ಗೊತ್ತಾಗಬಾರದು, ಓಡಿಸಿದವನು ಮಾತ್ರ ಇಳಿಯಲು ಮನಸ್ಸು ಮಾಡಬಾರದು ಎನ್ನುವುದು ಅವಳ ಲೆಕ್ಕ. ಕೊನೆಗೆ ಗೇರ್ ಲಿವರ್. ಕಂಪನಿ ಹಾಕಿದ ಲಿವರ್ ಉದ್ದ, ಅಲುಗಾಟ ಜಾಸ್ತಿ. ಅವಳು ತನ್ನ ಲೇತ್ ಮೇಲೆ ಗಿಡ್ಡನೆಯ ಲಿವರೊಂದನ್ನು ಕಡೆದು ಕೂರಿಸಿದಳು. ಬೆರಳು ಆಡಿಸಿದರೆ ಸಾಕು, ಗೇರು ಬೀಳುತ್ತಿತ್ತು.

ಆ ಬೇಸಿಗೆಯಲ್ಲಿ ಪಕ್ಕದ ಮನೆಯ ಟ್ರೌಡಲ್‌ಗೆ ಮದುವೆ ಗೊತ್ತಾಯಿತು. ಅರವತ್ತನಾಲ್ಕು ವಯಸ್ಸು, ಎರಡನೆಯ ಮದುವೆ, ಶನಿವಾರ ಹನ್ನೊಂದಕ್ಕೆ ಸ್ಟುಟ್‌ಗಾರ್ಟ್ ನಗರದ ಮಧ್ಯದಲ್ಲಿ. ಗೆರ್ಲಿಂಡೆಯ ಕಾರಿನಲ್ಲೇ ಹೋಗಿ ಇಳಿಯಬೇಕೆಂದು ಟ್ರೌಡಲ್‌ಳ ಆಸೆ. ಆದರೆ ಹೊಗೆ ಕಾನೂನು ಬಂದ ಮೇಲೆ ಇಂಥ ಹಳೆ ಗಾಡಿಗಳಿಗೆ ನಗರದೊಳಕ್ಕೆ ಪ್ರವೇಶವಿಲ್ಲ. ನಂಬರ್ ಫಲಕದ ಕೊನೆಗೆ H ಅಕ್ಷರವಿದ್ದರೆ ಮಾತ್ರ ಬಿಡುತ್ತಾರೆ. ಮೂವತ್ತು ವರ್ಷ ತುಂಬಿದ, ಹಳೆಯ ರೂಪ ಕೆಡದ ಕಾರಿಗೆ ಆ ಅಕ್ಷರ. ಬದಲಾವಣೆ ಮಾಡಿದ್ದರೆ, ಅದು ಕಾರು ರಸ್ತೆಗಿಳಿದ ಮೊದಲ ಹತ್ತು ವರ್ಷದಲ್ಲಿ ಚಾಲ್ತಿಯಲ್ಲಿದ್ದ ಬದಲಾವಣೆಯಾಗಿರಬೇಕು.

ಮದುವೆಯ ವಾರದ ಮಂಗಳವಾರ ಗೆರ್ಲಿಂಡೆ ಕಾರು ತೊಳೆದು, ದಪ್ಪನೆಯ ಫೈಲು ಕಂಕುಳಲ್ಲಿಟ್ಟುಕೊಂಡು ಆ ಅಕ್ಷರಕ್ಕಾಗಿ ತಪಾಸಣೆಗೆ ಹೋದಳು. ತಪಾಸಣಾಧಿಕಾರಿ ಶ್ವೆಂಕ್ ಐವತ್ತು ದಾಟಿದವರು, ಮಾತು ಕಮ್ಮಿ, ಟಾರ್ಚು ಜಾಸ್ತಿ. ಕಾರನ್ನು ಮೇಲೆತ್ತಿಸಿ ಮುಕ್ಕಾಲು ಗಂಟೆ ಅದರ ಹೊಟ್ಟೆ ನೋಡಿದರು. ಚಕ್ರ, ಸ್ಪ್ರಿಂಗು, ಸೀಟು, ಎಲ್ಲಕ್ಕೂ ಫೈಲಿನಲ್ಲಿ ಕಾಗದವಿತ್ತು. ಅವರು ಪುಟ ತಿರುವುತ್ತ ತಲೆದೂಗುತ್ತಿದ್ದರು. ಕೊನೆಯ ಪುಟಕ್ಕೆ ಬಂದು ನಿಂತರು.

"ಇದೇನು ಫ್ರೌ ರಾಪ್?"

"ಗೇರ್ ಲಿವರಿನ ನಕ್ಷೆ. ಎಲ್ಲಾ ಅಳತೆ ಇದೆ ನೋಡಿ."

"ಅದು ಕಾಣ್ತಿದೆ. ಕೆಳಗೆ ತಾರೀಖು ಮೂರು ವರ್ಷದ ಹಿಂದಿನದು ಹಾಕಿದ್ದೀರಲ್ಲ!"

"ಮತ್ತೆ? ನಾನು ಬರೆದಿದ್ದೇ ಆವಾಗ."

ನಮ್ಮ ಸೀಮೆಯವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡುವುದಿಲ್ಲ. ಯಾರೂ ಕೇಳದ, ಯಾರ ಕಣ್ಣಿಗೂ ಬೀಳದ ಒಂದು ಕಡ್ಡಿಗೆ ನಕ್ಷೆ ಬರೆದು, ಬಲಗಡೆ ಮೂಲೆಯ ಚೌಕದಲ್ಲಿ ಹೆಸರು, ತಾರೀಖು ತುಂಬಿ, ರಂಧ್ರ ಹೊಡೆದು ಫೈಲಿಗೆ ಹಾಕುವುದು! ಆ ಚೌಕ ಖಾಲಿ ಬಿಟ್ಟವರ ಹಾಳೆಯನ್ನು ಅವಳಿಗೆ ಕೆಲಸ ಕಲಿಸಿದ ಮೇಸ್ತ್ರಿ ಎದುರಿಗೇ ಹರಿದು ಹಾಕುತ್ತಿದ್ದನಂತೆ. ಹದಿನಾರರಲ್ಲಿ ಕಲಿತದ್ದು ಐವತ್ತೊಂಬತ್ತರಲ್ಲಿ ಬಿಟ್ಟೀತೇ?

ಶ್ವೆಂಕ್ ಲಿವರನ್ನು ಒಮ್ಮೆ ಆಡಿಸಿ ನೋಡಿದರು. ಅವರ ಮುಖ ಸ್ವಲ್ಪ ಸಡಿಲವಾಯಿತು. "ಇದು ಆರ್ನೋ ಲಿವರ್ ಅಲ್ವೇನ್ರೀ? ಎಂಬತ್ತೊಂಬತ್ತರಲ್ಲಿ ನನ್ನ ಗಾಡೀಲೂ ಇತ್ತು. ಈ ಕಡೆ ಹುಡುಗರ ಗಾಡೀಲೆಲ್ಲ ಇರ್ತಿತ್ತು."

"ಆರ್ನೋದಲ್ಲ. ನಂದು. ಆವಾಗ್ಲೂ ನಾನೇ ಮಾಡಿದ್ದು, ಈಗ್ಲೂ ನಾನೇ ಮಾಡಿದ್ದು."

"ಇರಬಹುದು. ಬಾಯಿಮಾತಿಗೆ ನಾನು ಸೀಲ್ ಹೊಡೆಯೋಕಾಗಲ್ಲ. ಒಂದೋ ಕಂಪನಿ ಲಿವರ್ ವಾಪಸ್ ಹಾಕ್ಕೊಂಡು ಬನ್ನಿ. ಇಲ್ಲಾ, ಇದು ಅವನು ಎಲ್ಲರಿಗೂ ತೋರಿಸೋ ಆ ಎಂಬತ್ತೆಂಟರ ನಕ್ಷೆ ಪ್ರಕಾರನೇ ಇದೆ ಅಂತ ಆರ್ನೋ ಕೈಲಿ ಒಂದು ಕಾಗದ ಬರೆಸ್ಕೊಂಡು ಬನ್ನಿ. ಗುರುವಾರ ಮಧ್ಯಾಹ್ನದವರೆಗೂ ಇರ್ತೀನಿ."

ಆರ್ನೋ ಎಂದರೆ ಗೆರ್ಲಿಂಡೆಯ ಮಾಜಿ ಗಂಡ. ಆಗ ಅವನಿಗೆ ಗ್ಯಾರೇಜಿತ್ತು. ಇವಳು ಪಾಳಿ ಮುಗಿಸಿ ಬಂದು ಲಿವರ್ ಕಡೆಯುತ್ತಿದ್ದಳು, ಅವನು ಮುಂದಿನ ಕೌಂಟರಿನಲ್ಲಿ ಮಾರುತ್ತಿದ್ದ. ಹೆಂಗಸು ಮಾಡಿದ್ದು ಎಂದರೆ ಯಾರೂ ಕೊಳ್ಳುವುದಿಲ್ಲ ಎಂದ. ಅವಳು ನಂಬಿದಳು. ಮದುವೆ ಮುರಿದದ್ದಕ್ಕೆ ಅವಳಿಗೆ ಅಷ್ಟು ಬೇಜಾರಿಲ್ಲ. ಆ ಮಾತನ್ನು ನಂಬಿದೆನಲ್ಲ ಎಂಬುದಕ್ಕೆ ಈಗಲೂ ಮೈ ಉರಿಯುತ್ತದೆ.

ಮನೆಗೆ ಬಂದಾಗ ಟ್ರೌಡಲ್ ಮೆಟ್ಟಿಲು ಗುಡಿಸುತ್ತಿದ್ದಳು. ಇಬ್ಬರ ಮನೆಗೂ ಸೇರಿದ ಮೆಟ್ಟಿಲು, ಈ ವಾರ ಗುಡಿಸುವ ಸರದಿ ಅವಳದು. ವಿಷಯ ಕೇಳಿ ಪೊರಕೆ ಗೋಡೆಗೆ ಒರಗಿಸಿದಳು.

"ಅಲ್ಲ ಕಣೇ, ನಿನಗೆ ತಲೆ ನೆಟ್ಟಗಿದೆಯಾ? ಹಳೇ ಲಿವರ್ ಹಾಕು, ಸೀಲ್ ಹೊಡೆಸ್ಕೋ, ಸಾಯಂಕಾಲ ನಿಂದು ವಾಪಸ್ ಹಾಕು. ಯಾವನು ಬಗ್ಗಿ ನೋಡ್ತಾನೆ?"

"ನಾನು ನೋಡ್ತೀನಲ್ಲ."

"ಸರಿ, ಹಂಗಾದ್ರೆ ಆರ್ನೋ ಕೈಲಿ ಕಾಗದ ಬರೆಸು. ಅವನು ಪುಕ್ಕಟೆ ಹೊಗಳಿಕೆ ಸಿಗುತ್ತೆ ಅಂದ್ರೆ ಪುಸ್ತಕನೇ ಬರೆದುಕೊಡ್ತಾನೆ."

"ಅದನ್ನ ಕಾರಿನ ದಾಖಲೆಗೆ ಸೇರಿಸ್ತಾರೆ ಟ್ರೌಡಲ್. ನಾನು ಸತ್ತ ಮೇಲೂ ಅಲ್ಲಿ ಆರ್ನೋ ಹೆಸರೇ ಇರುತ್ತೆ."

ಟ್ರೌಡಲ್ ಮತ್ತೆ ಪೊರಕೆ ಎತ್ತಿಕೊಂಡಳು. "ಹಂಗಾದ್ರೆ ಬೇಡ. ನಾನು ರೈಲಲ್ಲಿ ಹೋಗ್ತೀನಿ. ಮದುವೆ ಬಟ್ಟೇಲೇ ಹೋಗ್ತೀನಿ, ಟಿಕೆಟ್ ಚೆಕ್ ಮಾಡೋನಿಗೂ ಒಂದು ಸಂತೋಷ."

"ನೀನು ಕಾರಲ್ಲೇ ಹೋಗ್ತೀಯ," ಎಂದಳು ಗೆರ್ಲಿಂಡೆ. ಮೂಲ ನಕ್ಷೆ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು.

ಬುಧವಾರ ಊರಾಚೆ ಆರ್ನೋನ ಟೈರ್ ಅಂಗಡಿಗೆ ಹೋದಳು. ಅವನು ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಬ್ರೆಡ್ಡು ತಿನ್ನುತ್ತಿದ್ದ. ಕೌಂಟರಿನ ಹಿಂದಿನ ಗೋಡೆಯಲ್ಲಿ ಗಾಜಿನ ಚೌಕಟ್ಟು, ಅದರೊಳಗೆ ಜಿಡ್ಡು ಹಿಡಿದ ಆ ನಕ್ಷೆಯ ಹಾಳೆ. ಬರುವ ಗಿರಾಕಿಗಳಿಗೆಲ್ಲ ಅವನು ಅದನ್ನು ತೋರಿಸುತ್ತಾನೆಂದು ಊರಿಗೇ ಗೊತ್ತು. ಅವಳು ಬಂದ ಕಾರಣ ಹೇಳಿದಳು. ಅವನಿಗೆ ಖುಷಿಯೋ ಖುಷಿ. ಕೈ ಒರೆಸಿಕೊಂಡು ಅಂಗಡಿಯ ಕಾಗದದ ಮೇಲೆ ಆಗಲೇ ಬರೆದುಬಿಟ್ಟ: 'ಈ ಲಿವರ್ 1988ರ ನನ್ನ ನಕ್ಷೆಯ ಪ್ರಕಾರವೇ ಇದೆ.' ಸಹಿ, ಮೊಹರು.

"ತಗೋ ಲಿಂಡೆ. ಹಳೇದೆಲ್ಲ ಮರೆತು ಕೊಡ್ತಿದ್ದೀನಿ."

"ದೊಡ್ಡ ಮನಸ್ಸು ನಿಂದು. ಆ ಚೌಕಟ್ಟು ಇಳಿಸು."

"ಯಾಕೆ?"

"ಸ್ಕ್ರೂಡ್ರೈವರ್ ಕೊಡು. ನಾನೇ ಬಿಚ್ತೀನಿ."

ಟೈರ್ ಬದಲಿಸಲು ಬಂದಿದ್ದ ಇಬ್ಬರು ಗಿರಾಕಿಗಳು ಮೊಬೈಲಿನಿಂದ ತಲೆ ಎತ್ತಿದರು. ಗೆರ್ಲಿಂಡೆ ಚೌಕಟ್ಟನ್ನು ಬೋರಲು ಹಾಕಿ ಹಿಂದಿನ ಹಲಗೆ ತೆಗೆದಳು. ಹಾಳೆಯ ಬಲಗಡೆ ಮೂಲೆ ಹಿಂದಕ್ಕೆ ಮಡಚಿತ್ತು. ಬಿಡಿಸಿದಳು. ಇಷ್ಟು ವರ್ಷ ಬೆಳಕು ಕಾಣದೆ ಆ ಭಾಗ ಇನ್ನೂ ಬೆಳ್ಳಗಿತ್ತು. ಚೌಕದೊಳಗೆ ಪೆನ್ಸಿಲ್ಲಿನ ದುಂಡು ಅಕ್ಷರ. ಬರೆದವರು: ಗೆರ್ಲಿಂಡೆ. ತಾರೀಖು: 14.3.1988.

ಆರ್ನೋ ಕೆಮ್ಮಿದ. "ಚೌಕಟ್ಟಿಗೆ ಹಾಳೆ ದೊಡ್ಡದಾಯ್ತು. ಅದಕ್ಕೇ ಮಡಚಿದೆ."

"ಇನ್ನೂ ಮೂರು ಮೂಲೆ ಇತ್ತಲ್ಲ ಆರ್ನೋ."

ಗಿರಾಕಿಗಳಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಆರ್ನೋನ ಕಿವಿ ಕೆಂಪಾಯಿತು. ಅವನು ಕೆಟ್ಟವನಲ್ಲ, ಜಂಬದವನು ಅಷ್ಟೆ. ಸುಳ್ಳನ್ನು ಹೇಳಿ ಹೇಳಿ ಅವನೂ ಅದನ್ನು ನಂಬಿಬಿಟ್ಟಿದ್ದನೋ ಏನೋ.

"ಈಗ ಆ ಗೋಡೆಗೆ ನಾನೇನು ಹಾಕ್ಲಿ?" ಎಂದ ಸಣ್ಣ ದನಿಯಲ್ಲಿ, ಅವಳು ಹಾಳೆ ಸುತ್ತಿಕೊಳ್ಳುವುದನ್ನು ನೋಡುತ್ತ.

ಅವನು ಬರೆದುಕೊಟ್ಟ ಕಾಗದವನ್ನೇ ಅವಳು ಅವನ ಮುಂದೆ ಸರಿಸಿದಳು. "ಇದನ್ನ ಹಾಕ್ಕೋ. ಅಳತೆಗೆ ಸರಿಯಾಗಿ ಕೂರುತ್ತೆ, ಮಡಚೋದೇ ಬೇಡ."

ಗುರುವಾರ ಬೆಳಿಗ್ಗೆ ಶ್ವೆಂಕ್ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅಳತೆ ಕಡ್ಡಿ ತಂದು ಲಿವರನ್ನು ಅಳೆದರು. ಒಂದೊಂದು ಅಳತೆಯೂ ಹೊಂದಿತು. ಮೊಹರು ಹೊಡೆದು, ಷರಾ ಜಾಗದಲ್ಲಿ ನಿಧಾನವಾಗಿ ಬರೆದು ಅವಳ ಕಡೆ ತಿರುಗಿಸಿದರು: ಗೇರ್ ಲಿವರ್, ಆ ಕಾಲದ ಮಾದರಿಯದೇ, ಗೆರ್ಲಿಂಡೆ ರಾಪ್ ಅವರ ವಿನ್ಯಾಸ, 1988.

ಅವಳು ಕಾಗದ ಮಡಚಿಕೊಂಡು ಹೊರಟಳು. ಶ್ವೆಂಕ್ ಹಿಂದೆಯೇ ಬಾಗಿಲವರೆಗೂ ಬಂದರು. ಏನೋ ಹೇಳಬೇಕೆಂದು ಹವಣಿಸುತ್ತಿದ್ದರು.

"ಒಂದು ಮಾತು ಫ್ರೌ ರಾಪ್. ಆ ಲಿವರ್ ಹಾಕಿಸ್ಕೊಂಡ ವಾರ ನಾನು ಆರ್ನೋಗೆ ಒಂದು ಬಾಟ್ಲಿ ವೈನ್ ಕೊಟ್ಟು ಬಂದಿದ್ದೆ. ಗಾಡಿ ಅಷ್ಟು ಚೆನ್ನಾಗಿ ಓಡ್ತಿತ್ತು."

"ಕೆಂಪು ವೈನಾ?"

"ಹೌದು."

"ಮನೆಗೆ ತಂದಿದ್ದ. ನಾನೂ ಕುಡಿದೆ. ಯಾರೋ ಗಿರಾಕಿ ಕೊಟ್ಟ ಅಂದ. ಯಾಕೆ ಕೊಟ್ಟ ಅಂತ ಹೇಳಲಿಲ್ಲ."

ಶ್ವೆಂಕ್ ಕೈಗವಸು ಕಳಚಿ ಕೈ ಮುಂದೆ ಚಾಚಿದರು. "ಹಂಗಾದ್ರೆ ಈಗ ನಾನೇ ಹೇಳ್ತೀನಿ. ಅಂಥ ಲಿವರ್ ನಾನು ಆಮೇಲೆ ಯಾವ ಗಾಡೀಲೂ ಹಿಡಿದಿಲ್ಲ. ತುಂಬಾ ಥ್ಯಾಂಕ್ಸ್ ರೀ."

ಗೆರ್ಲಿಂಡೆ ಕೈ ಕುಲುಕಿದಳು, ಕಾರಿನಲ್ಲಿ ಕೂತಳು, ಬೆಲ್ಟ್ ಹಾಕಿಕೊಂಡಳು. ಆಗ ಬಂತು ಅಳು. ಆರ್ನೋನ ಎದುರು ಬರದಿದ್ದದ್ದು, ಮದುವೆ ಮುರಿದ ದಿನ ಬರದಿದ್ದದ್ದು ಈಗ ಒಂದೇ ಸಲ ಬಂತು. ಇಷ್ಟು ಸಂತೋಷ ಅವಳಿಗೆ ಆಗಿ ಎಷ್ಟೋ ವರ್ಷವಾಗಿತ್ತು. ಹಿಂದೆ ಕಾಯುತ್ತಿದ್ದ ಗಾಡಿಯವನು ಹಾರ್ನ್ ಹೊಡೆದ. ಹೊಡೆಯಲಿ ಎಂದುಕೊಂಡು, ಅವಳು ಸಾವಕಾಶವಾಗಿ ಅತ್ತು ಮುಗಿಸಿದಳು.