ನಾಲ್ಕನೆಯ ತರಗತಿಯ ಒಂದು ಷರಾ

ಕಳೆದ ಏಪ್ರಿಲ್ ಒಂಬತ್ತು. ಈ ತಾರೀಖಿಗೆ ಆಧಾರ ನನ್ನ ದಿನಚರಿ. ಮರುದಿನ ಶಾಲೆಯ ಫಲಿತಾಂಶವಿತ್ತೆಂಬುದನ್ನು ಶಾಲಾ ವೇಳಾಪಟ್ಟಿಯೊಡನೆ ತಾಳೆ ನೋಡಿದ್ದೇನೆ.

ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು, ಈಗ ಇಟ್ಟಿಗಿ ಎಂಬ ಊರಿಗೆ ವರ್ಗವಾಗಿ ಹೋಗಿರುವವರು, ಆಗ ಚಿಗಟೇರಿಯಲ್ಲಿ ನನ್ನ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಸಂಜೆ ಗೋಡೆಯಾಚೆ ಮಾತು ಕೇಳಿದಾಗ ನೆಂಟರು ಬಂದಿರಬೇಕೆಂದು ಮೊದಮೊದಲು ಎಣಿಸುತ್ತಿದ್ದೆ. ಅವರು ಮಾತಾಡುತ್ತಿದ್ದುದು ಮೊಬೈಲಿನ ಎಐ ಜೊತೆ. ಮಕ್ಕಳ ಪ್ರಗತಿಪತ್ರಕ್ಕೆ ಅದು ಷರಾ ಬರೆದುಕೊಡುತ್ತಿತ್ತು. ಓದಿದ ಮೇಲೆ ಕನ್ನಡಕವನ್ನು ಹಣೆಗೇರಿಸಿ ಅವರು ಹೇಳುತ್ತಿದ್ದ ಮಾತು ಒಂದೇ: “ಹಂಗಲ್ಲ ಲೇ, ಇನ್ನೊಮ್ಮಿ ಬರಿ.”

ಏಪ್ರಿಲ್ ಒಂಬತ್ತರ ಆ ಸಂಜೆ ಕಟ್ಟೆಯ ಮೇಲೆ ಕುಳಿತು ನನಗೆ ಮೊಬೈಲು ತೋರಿಸಿದರು. ಕುರಿ ಕಾಯುವವನೊಬ್ಬನ ಮಗಳ ಬಗ್ಗೆ ಅದು ಬರೆದಿತ್ತು: ‘ಯಾರೊಡನೆಯೂ ಬೆರೆಯುವುದಿಲ್ಲ.’

“ಸುಳ್ಳಂತೂ ಅಲ್ಲಲ್ರೀ?” ಎಂದೆ.

“ಸುಳ್ಳಲ್ರಿ ಸರ. ಆದ್ರ ಇದನ್ನ ಕೇಳಿದ್ರ ಅವರಪ್ಪ ಸಾಲಿ ಬಿಡಿಸಿ ಕುರಿ ಹಿಂದ ಕರ್ಕಂಡು ಹೋಗ್ತಾನ. ಈ ಮೊಬೈಲು ಆಕಿನ್ನ ಯಾವತ್ತರ ನೋಡೈತೇನು?”

ಮತ್ತೆ ಮತ್ತೆ ಬರೆಸಿದರು. ವಾಕ್ಯ ನಯವಾಯಿತು, ಅರ್ಥ ಬದಲಾಗಲಿಲ್ಲ. ಕೊನೆಗೆ “ಇರ್ಲಿ ಬಿಡ್ರಿ” ಎಂದು ಅದನ್ನೇ ಒಪ್ಪಿ ಒಳಗೆ ಹೋದರೆಂದು ನನ್ನ ಸ್ಪಷ್ಟ ನೆನಪು.

ಮೊನ್ನೆ ಆ ತಂದೆ ಕುರಿಗಳೊಡನೆ ಊರಿಗೆ ಮರಳಿದವನು ಮಗಳ ಆ ಪ್ರಗತಿಪತ್ರವನ್ನು ನನ್ನ ಕೈಗಿತ್ತ. “ಹುಡುಗಿ ಓದಿ ಹೇಳ್ಯಾಳ, ನನಗ ನಂಬಿಕಿ ಬರವಲ್ದು. ನೀವು ಓದ್ರಿ.”

ಅದರಲ್ಲಿ ಮೊಬೈಲಿನ ಯಾವ ವಾಕ್ಯವೂ ಇಲ್ಲ. ಶಿಕ್ಷಕಿಯ ಕೈಬರಹದಲ್ಲಿ ಹೀಗಿದೆ: ‘ಮಧ್ಯಾಹ್ನ ನನ್ನ ಪಕ್ಕದಲ್ಲಿ ಕುಳಿತು ಉಣ್ಣುತ್ತಾಳೆ. ಇವಳು ಬಾರದ ದಿನ ನಾನು ಒಬ್ಬಳೇ.’